ಸೋನುವಿನ ಪಥ್ಯ

ಮೊನ್ನೆ ನಿಪ್ಪಾಣಿಯಲ್ಲಿ ಪರಿಚಯದವರ ಮಗಳ ಮದುವೆ. ಮಧ್ಯಾಹ್ನದ ಪಂಗತಿಯಲ್ಲಿ ಕೂತಿದ್ದೆ. ಮಸಾಲೆ ಭಾತ ಬಡಿಸಿದರು, ಅದರ ತುಂಬ ವಟಾಣಿ. ನನ್ನ ಕೈ ತನ್ನಷ್ಟಕ್ಕೆ ತಾನು ಕೆಲಸ ಶುರು ಮಾಡಿತು. ಒಂದು ವಟಾಣಿ ಹೆಕ್ಕುವುದು, ಎರಡು ಬೆರಳ ನಡುವೆ ಮೆಲ್ಲಗೆ ಹಿಚುಕುವುದು, ಸಿಪ್ಪೆ ಎಲೆಯ ಅಂಚಿಗೆ, ಕಾಳು ಬಾಯಿಗೆ. ಅಂಚಿನಲ್ಲಿ ಸಿಪ್ಪೆಯ ಸಣ್ಣ ಗುಡ್ಡೆಯೇ ಆದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, ಹಲ್ಲು ನೋವೇನು ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅವರು ಲವಂಗದ ಎಣ್ಣೆಯಿಂದ ಶುರು ಮಾಡಿ ಮಿರಜಿನ ಹಲ್ಲಿನ ಡಾಕ್ಟರ ತನಕ ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ನಾನು ತಲೆಯಾಡಿಸುತ್ತ ಸಿಪ್ಪೆ ತೆಗೆಯುತ್ತಲೇ ಇದ್ದೆ.

ನನ್ನ ಹಲ್ಲುಗಳು ಚೆನ್ನಾಗಿಯೇ ಇವೆ. ಈ ಸಿಪ್ಪೆ ತೆಗೆಯುವ ಚಟ ನನಗೆ ಹತ್ತಿದ್ದು ಒಂದು ಮೀನಿನಿಂದ. ಆದರೆ ನೀವೇ ಹೇಳಿ, ನಮ್ಮ ಜೈನರ ಮದುವೆಯಲ್ಲಿ, ತುಂಬಿದ ಪಂಗತಿಯಲ್ಲಿ, ಎಲೆಯ ಮುಂದೆ ಕೂತು ಮೀನಿನ ಮಾತು ಎತ್ತುವುದು ಹೇಗೆ? ಹಲ್ಲುನೋವೇ ವಾಸಿ ಅನ್ನಿಸಿತು.

ನನಗೆ ಹುಟ್ಟಿನಿಂದಲೇ ನಾಚಿಕೆ ಸ್ವಲ್ಪ ಜಾಸ್ತಿ. ಬೋರಗಾಂವದಲ್ಲಿ ನಮ್ಮದು ಮಗ್ಗದ ಮನೆ. ಯಾರಾದರೂ ನೆಂಟರು ಬಂದರೆ ನಾನು ಹೋಗಿ ಮಗ್ಗದ ಹಿಂದೆ ನಿಲ್ಲುತ್ತಿದ್ದೆ. ಪವರ್‌ಲೂಮು ನಡೆಯುವಾಗ ಯಾರು ಏನು ಕೇಳಿದರೂ ಕೇಳಿಸುವುದಿಲ್ಲ, ಹಾಗಾಗಿ ಉತ್ತರ ಕೊಡುವ ತೊಂದರೆಯೂ ಇಲ್ಲ. ಮುಂದೆ ಚಿಕ್ಕೋಡಿಯಲ್ಲಿ ಹೈಸ್ಕೂಲು ಮಾಸ್ತರನಾದೆ, ವಿಜ್ಞಾನದ ವಿಷಯ. ಮಕ್ಕಳ ಮುಖ ನೋಡಲು ಸಂಕೋಚವಾಗಿ ತಾಸುಗಟ್ಟಲೆ ಬೋರ್ಡಿನ ಕಡೆ ಮುಖ ಮಾಡಿ ಚಿತ್ರ ಬಿಡಿಸುತ್ತಿದ್ದೆ. ಅದರಲ್ಲಿ ನನಗೆ ಹೆಸರು ತಂದುಕೊಟ್ಟದ್ದು ಮೀನಿನ ಚಿತ್ರ. ಕಿವಿರಿಗೆ ಗುಲಾಬಿ ಬಣ್ಣದ ಚಾಕ್‌ಪೀಸು, ಈಜುರೆಕ್ಕೆಗೆ ಹಳದಿ. ನೀರು ಬಾಯಿಂದ ಒಳಗೆ, ಕಿವಿರಿನಿಂದ ಹೊರಗೆ, ನಡುವೆ ಬಾಣದ ಗುರುತುಗಳು. ಪಕ್ಕದ ತರಗತಿಯ ಮಾಸ್ತರರು ಕೂಡ ಬಂದು ನೋಡಿ ಹೋಗುತ್ತಿದ್ದರು. ಜೀವಂತ ಮೀನನ್ನು ನಾನು ಹತ್ತಿರದಿಂದ ಕಂಡದ್ದು ಮಾತ್ರ ನಿವೃತ್ತಿಯಾದ ಮೇಲೆ.

ಅದು ಚಿಕ್ಕೋಡಿಯ ನಮ್ಮ ಮನೆಗೆ ಬಂದದ್ದು ಸೊಸೆಯ ಜೊತೆ. ಮಗ ಅಭಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಪಾಳಿ ಕೆಲಸ ಮಾಡುತ್ತಾನೆ. ತಿಂಡಿ, ಊಟ ಹೆಚ್ಚಾಗಿ ಅಲ್ಲಿನ ಕ್ಯಾಂಟೀನಿನಲ್ಲೇ. ಸೊಸೆ ಸ್ನೇಹಲ್ ಕುಡಚಿಯವಳು, ರಾಯಬಾಗದ ಬ್ಯಾಂಕೊಂದರಲ್ಲಿ ಕೆಲಸ. ಮದುವೆಯಾಗಿ ಬರುವಾಗ ಅವಳ ಕಪಾಟು, ಗಾಜಿನ ತೊಟ್ಟಿ ಎಲ್ಲ ಟೆಂಪೋದಲ್ಲಿ ಬಂದವು. ಮೀನು ಮಾತ್ರ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅವಳ ತೊಡೆಯ ಮೇಲೆ ಕೂತು ಬಂತು. ಗೋಲ್ಡ್‌ಫಿಶ್. ಕುಡಚಿಯಲ್ಲಿ ಪಕ್ಕದ ಮನೆಯ ಗೆಳತಿ ತಬಸ್ಸುಮ್ ಕೊಟ್ಟ ಮೀನು ಅದು, ಸಣ್ಣಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರಂತೆ. ಹೆಸರು ಸೋನು. ಮನೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಸೊಸೆಯ ಕೈಯಲ್ಲಿ ಮೀನು ಕಂಡು ನಮ್ಮ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಕುವುದಕ್ಕೆ, ಸಾಕುವುದಕ್ಕೆ ಎಂದು ನಾನು ಎಲ್ಲರಿಗೂ ಕೇಳುವಂತೆ ಎರಡೆರಡು ಸಲ ಹೇಳಿದೆ.

ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೀಪದ ಬೆಳಕಿಗೆ ಬರುವ ಹುಳಹುಪ್ಪಟೆ ಅನ್ನದಲ್ಲಿ ಬಿದ್ದು ಸಾಯಬಾರದು ಎಂದು ಹಿರಿಯರು ನಡೆಸಿಕೊಂಡು ಬಂದ ನೇಮ. ಸಂಜೆ ನಮ್ಮಾಕಿ, ಅಂದರೆ ನನ್ನ ಹೆಂಡತಿ, ಬೇಗ ಬೇಗ ಬಡಿಸಿ, ಉಳಿದದ್ದನ್ನು ಬೀದಿಯ ಆಕಳಿಗೆ ಹಾಕಿ, ಒಲೆ ಒರೆಸಿ ಅಡುಗೆಮನೆ ಬಾಗಿಲು ಮುಂದೆ ಮಾಡಿದರೆ ಮರುದಿನ ಬೆಳಕು ಹರಿದ ಮೇಲೆಯೇ ತೆರೆಯುವುದು. ಸ್ನೇಹಲಳ ತವರಿನವರೂ ಜೈನರೇ. ಆದರೆ ಅವಳ ತಂದೆಯ ಅಂಗಡಿ ಮುಚ್ಚುವುದೇ ರಾತ್ರಿ, ಅಲ್ಲಿ ಈ ನೇಮ ಚಾತುರ್ಮಾಸಕ್ಕಷ್ಟೇ. ಮಾತುಕತೆಯ ದಿನ ಹೊಂದಿಕೊಳ್ಳುತ್ತಾಳೆ ಎಂದಿದ್ದರು. ಹೊಂದಿಕೊಂಡಳು ಕೂಡ. ರಾಯಬಾಗದ ಬಸ್ಸು ಅವಳನ್ನು ತಂದು ಬಿಡುವ ಹೊತ್ತಿಗೆ ನಮ್ಮ ಮನೆಯಲ್ಲಿ ದೀಪ ಹತ್ತಿರುತ್ತಿತ್ತು. ಊಟ ಆಯಿತೇನವ್ವ ಎಂದು ನಾವು ಕೇಳುವುದು, ಆಗಿದೆ ಎಂದು ಅವಳು ಹೇಳುವುದು. ಅಷ್ಟರಲ್ಲಿ ಆ ವಿಷಯ ಮುಗಿಯುತ್ತಿತ್ತು. ಎಷ್ಟು ತಿಳಿವಳಿಕೆಯ ಹುಡುಗಿ, ಬ್ಯಾಂಕಿನಲ್ಲೇ ಬೇಗ ಮುಗಿಸಿಕೊಂಡು ಬರುತ್ತಾಳೆ ಎಂದು ನಾನು ಬಸದಿಯ ಕಟ್ಟೆಯ ಮೇಲೆ ಹೊಗಳಿದ್ದೇ ಹೊಗಳಿದ್ದು.

ಬಂದವಳು ಕೈಕಾಲು ತೊಳೆದು ಪಡಸಾಲೆಯ ಮೂಲೆಯಲ್ಲಿದ್ದ ತೊಟ್ಟಿಯ ಮುಂದೆ ಒಂದು ಸ್ಟೂಲು ಎಳೆದುಕೊಂಡು ಕೂಡುತ್ತಿದ್ದಳು, ನಮ್ಮ ಕಡೆ ಬೆನ್ನು ಮಾಡಿ. ನಾನು ಪೇಪರು ಓದುತ್ತಿರುತ್ತಿದ್ದೆ. ಪ್ಲಾಸ್ಟಿಕ್ ಪೊಟ್ಟಣದ ಪರಪರ ಸದ್ದು ಕೇಳಿಸುತ್ತಿತ್ತು. ಒಂದು ದಿನ ನನ್ನೊಳಗಿನ ಮಾಸ್ತರ ಎದ್ದು ಕೂತ. ಸೂರ್ಯ ಮುಳುಗಿದ ಮೇಲೆ ಮೀನಿಗೂ ಏನೂ ಹಾಕಬೇಡ, ಈ ಮನೆಗೆ ಬಂದ ಮೇಲೆ ಅದೂ ನಮ್ಮ ಹಾಗೆ ಇರಲಿ ಎಂದು, ನಗುತ್ತಲೇ ಅಂದೆ. ಅವಳು ತಿರುಗಿ ನೋಡಿದಳು. ಮುಖ ಕೆಂಪಾಗಿತ್ತು. ಹೂಂರಿ ಮಾವಾರ ಎಂದಳು. ಮರುದಿನದಿಂದ ಸದ್ದು ನಿಂತಿತು. ನಮ್ಮ ಮನೆಯಲ್ಲಿ ಮೀನು ಸಹ ರಾತ್ರಿ ಉಣ್ಣುವುದಿಲ್ಲ ಎಂಬುದು ಆ ವಾರ ಬಸದಿಯ ಕಟ್ಟೆಯ ಮೇಲೆ ನಾನು ಹೇಳಿದ ಹೊಸ ಸುದ್ದಿ.

ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲೊಳಗೆ ಇರಬಾರದೆಂದು ಅವಳನ್ನು ಕುಡಚಿಗೆ ಕಳಿಸಿದೆವು. ಅಲ್ಲಿಂದಲೇ ರಾಯಬಾಗಕ್ಕೆ ಓಡಾಡುವುದೆಂದಾಯಿತು. ಹೊರಡುವಾಗ ಅವಳು ನನ್ನನ್ನು ತೊಟ್ಟಿಯ ಹತ್ತಿರ ಕರೆದು ಎಲ್ಲ ತೋರಿಸಿದಳು. ದಿನಕ್ಕೆ ಎರಡು ಚಿಟಿಕೆ ಡಬ್ಬಿಯ ಕಾಳು, ಅದಕ್ಕಿಂತ ಜಾಸ್ತಿ ಬೇಡ. ಗಾಳಿ ಬಿಡುವ ಮಷಿನು ಆರಿಸಬಾರದು. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಹಿಂದಿನ ದಿನವೇ ತುಂಬಿಟ್ಟ ನಳದ ನೀರು ಹಾಕಬೇಕು.

"ಇಷ್ಟ ನೋಡ್ರಿ ಮಾವಾರ. ಬ್ಯಾರೆ ಏನೂ ಬ್ಯಾಡ ನನಗ. ನಾ ಬರೂತನಕ ಇದನ್ನ ಜ್ವಾಕಿ ಮಾಡ್ರಿ."

ಮನೆಗೆ ಬಂದ ಮೇಲೆ ಆ ಹುಡುಗಿ ನಮ್ಮನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ನನಗೆ ಬಹಳ ಖುಷಿಯಾಯಿತು. ಮೀನಿನ ಬಗ್ಗೆ ನನಗೆ ಹೇಳಿಕೊಡುವ ಅಗತ್ಯವೇನಿತ್ತು ಎಂದು ಒಳಗೊಳಗೇ ಅನ್ನಿಸಿದ್ದೂ ಹೌದು.

ಅವಳು ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸುಮ್ಮನೆ ಕೂತವನು ಮೀನಿನ ಆಹಾರದ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದರಲ್ಲಿದ್ದದ್ದು ಮೀನಿನ ಪುಡಿ, ಒಣ ಸಿಗಡಿ. ಇಷ್ಟು ದಿನ ಆ ಡಬ್ಬಿ ದೇವರ ಕೋಣೆಯ ಗೋಡೆಗೆ ಅಂಟಿದ ಮಾಡದಲ್ಲಿ ಕೂತಿತ್ತು. ನಾನೇ ಅದರಿಂದ ಚಿಟಿಕೆ ತೆಗೆದು ಹಾಕಿ, ಕೈ ಝಾಡಿಸಿ, ಹಾಗೇ ಪೂಜೆಗೆ ಹೋದದ್ದುಂಟು. ನಮ್ಮಾಕಿಗೆ ಹೇಳಿದೆ. ಅವಳು ಮಾಡ ತೊಳೆದಳು, ಪಡಸಾಲೆ ತೊಳೆದಳು, ಆಮೇಲೆ ನನಗೂ ಸ್ನಾನ ಮಾಡಲು ಹೇಳಿದಳು. ಡಬ್ಬಿಯನ್ನು ಎಸೆಯುವುದಾದರೂ ಎಲ್ಲಿಗೆ? ಕಾಗದದಲ್ಲಿ ಸುತ್ತಿ, ಕಳ್ಳತನದ ಮಾಲಿನಂತೆ ಬಗಲಲ್ಲಿಟ್ಟುಕೊಂಡು, ಬಸ್ ಸ್ಟ್ಯಾಂಡಿನ ಕಸದ ಡಬ್ಬದ ತನಕ ನಡೆದು ಹಾಕಿಬಂದೆ. ದಾರಿಯಲ್ಲಿ ಒಂದು ಬೆಕ್ಕು ಬಹಳ ದೂರ ಹಿಂದೆಯೇ ಬಂತು.

ಅಂದಿನಿಂದ ಸೋನುವಿಗೆ ಮನೆಯ ಊಟ. ಮೆತ್ತಗಿನ ಚಪಾತಿಯ ಚೂರು, ಅನ್ನದ ಅಗುಳು, ತೊಗರಿಬೇಳೆ. ನಮ್ಮಾಕಿ ಇಷ್ಟಕ್ಕೇ ಬಿಡಲಿಲ್ಲ. ತನ್ನ ಜಪದ ಹೊತ್ತಿಗೆ ಗಾಳಿಯ ಮಷಿನು ಗುರ್ರೆನ್ನುತ್ತದೆಂದು ಆರಿಸತೊಡಗಿದಳು, ಜಪ ಮುಗಿದ ಮೇಲೆ ಹಾಕುವುದು ಇಬ್ಬರಿಗೂ ಮರೆತುಹೋಗುತ್ತಿತ್ತು. ನೀರಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನಾವು ಕುಡಿಯುವುದು ಬಟ್ಟೆಯಲ್ಲಿ ಗಾಳಿಸಿ ಕಾಯಿಸಿದ ನೀರು. ಮನೆಯ ಮೀನಿಗೆ ಬರೀ ನಳದ ನೀರು ಯಾಕೆ ಎಂದು ಅದನ್ನೂ ಗಾಳಿಸಿ, ಕುದಿಸಿ, ಆರಿಸಿ ತೊಟ್ಟಿಗೆ ಹಾಕಿದೆವು.

ಗಾಳಿಸುವುದೆಂದ ಕೂಡಲೇ ನನಗೆ ಅವ್ವನ ನೆನಪು. ಬೋರಗಾಂವದ ಮನೆಯ ಹಿತ್ತಲಲ್ಲಿ ಬಾವಿಯಿತ್ತು. ಅವ್ವ ನೀರು ಸೇದಿ ದಪ್ಪನೆಯ ಬಿಳಿ ಬಟ್ಟೆಯಲ್ಲಿ ಗಾಳಿಸುವಳು. ಆಮೇಲೆ ಬಟ್ಟೆಯನ್ನು ಹಿಂಡುವಂತಿಲ್ಲ. ಅದನ್ನು ಮಗುಚಿ ಮೇಲಿನಿಂದ ನೀರು ಹಾಕಿ, ಬಟ್ಟೆಗಂಟಿದ ಕಣ್ಣಿಗೆ ಕಾಣದ ಜೀವಿಗಳನ್ನು ಒಂದು ಸಣ್ಣ ಕೊಡಕ್ಕೆ ಇಳಿಸಿಕೊಂಡು, ಆ ಕೊಡವನ್ನು ಹಗ್ಗದಲ್ಲಿ ಬಾವಿಯ ತಳದ ನೀರಿನವರೆಗೆ ಬಿಟ್ಟು, ಅಲ್ಲಿ ಮೆಲ್ಲಗೆ ಬಗ್ಗಿಸುವಳು. ಮೇಲಿನಿಂದಲೇ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಏನೂ ಇಲ್ಲದ ನೀರಿಗೆ ಇಷ್ಟು ಯಾಕೆ ಎಂದು ನಾನು ಕೇಳಿದರೆ, ಇಲ್ಲ ಅನ್ನಬೇಡ, ಅವುಗಳ ಅವ್ವ ಕೆಳಗೆ ಹುಡುಕುತ್ತಿರುತ್ತಾಳೆ ಎನ್ನುತ್ತಿದ್ದಳು. ನಾನು ಬಾವಿಯ ಕಟ್ಟೆಗೆ ಹೊಟ್ಟೆಯೂರಿ ಬಗ್ಗಿ, ಕೆಳಗೆ ಆ ಅವ್ವ ಕಾಣುತ್ತಾಳೇನೋ ಎಂದು ನೋಡುತ್ತಿದ್ದೆ. ಹಿಂದಿನಿಂದ ಅಪ್ಪ ಬಂದು ಚಡ್ಡಿ ಹಿಡಿದು ಎಳೆಯುವ ತನಕ.

ಇಂಥ ಮನೆಯಲ್ಲಿ ಬೆಳೆದವನ ಕೈಯಲ್ಲಿ ಮೀನು ಏನಾಯಿತು ನೋಡಿ. ಮೊದಲು ಅದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ಹಸಿವು ಎಂದು ತಿಳಿದೆವು. ಇನ್ನೊಂದು ಚೂರು ಚಪಾತಿ ಹಾಕಿದೆವು. ಕಾಯಿಸಿದ ನೀರಿನಲ್ಲಿ ಗಾಳಿ ಕಡಿಮೆ ಇರುತ್ತದೆ, ಮೀನಿಗೆ ಉಸಿರು ಸಾಲದೆ ಮೇಲೆ ಬರುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಪರೀಕ್ಷೆಗೆ ಕೇಳಿದ್ದೇನೆ, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ಆದರೆ ಬೋರ್ಡಿನ ಮೀನು ಎಂದೂ ಬಾಯಿ ತೆರೆದು ನನ್ನನ್ನು ನೋಡಿರಲಿಲ್ಲ.

ಆಮೇಲೆ ಕಿವಿರಿನ ಮುಚ್ಚಳದ ಮೇಲೆ ರವೆಯ ಹರಳಿನಷ್ಟು ಬಿಳಿ ಚುಕ್ಕೆಗಳು ಕಂಡವು. ಇದು ರೋಗವೇ ಎಂದು ನೀರಿಗೆ ಅರಿಷಿಣ ಹಾಕಿದೆವು. ತೊಟ್ಟಿ ಮಜ್ಜಿಗೆ ಸಾರಿನ ಬಣ್ಣಕ್ಕೆ ತಿರುಗಿತು. ಚುಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಅದರ ಹೊಟ್ಟೆ ಎರಡೂ ಕಡೆ ಉಬ್ಬಿ ಬಂತು. ನಮ್ಮಾಕಿ ಅದನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಲ್ರೀ, ಇದು ಬಸರ ಐತಿ."

ನಾನು ಒಪ್ಪಿದೆ. ಇದನ್ನು ಬರೆಯಲು ಕೈ ಹಿಂದೆ ಹೋಗುತ್ತಿದೆ, ಆದರೂ ಬರೆಯುತ್ತೇನೆ. ವಿಜ್ಞಾನದ ಮಾಸ್ತರ ಒಪ್ಪಿದ. ಮಾರನೆಯ ದಿನದಿಂದ ಸೋನುವಿಗೆ ತುಪ್ಪ ಹಾಕಿದ ಶಿರಾ ಶುರುವಾಯಿತು. ಬಸರಿಗೆ ಬಾಯಿ ಸಪ್ಪೆ ಅನ್ನಿಸುತ್ತದೆ ಎಂದು ಅಂಟಿನುಂಡೆಯ ಪುಡಿಯೂ ಬಿತ್ತು. ಎದುರು ಮನೆಯವರು ಬಂದು ನೋಡಿದರು. ತೊಟ್ಟಿಯ ಗಾಜಿಗೆ ಯಾರೋ ಕುಂಕುಮ ಹಚ್ಚಿದರು. ಸ್ನೇಹಲಳಿಗೆ ಈಗಲೇ ಹೇಳುವುದು ಬೇಡ, ಬಂದಾಗ ಮರಿಗಳನ್ನೇ ತೋರಿಸೋಣ ಎಂದು ಗಂಡಹೆಂಡತಿ ಮಾತಾಡಿಕೊಂಡೆವು. ನೀರಿನ ಮೇಲೆ ತುಪ್ಪದ ಪದರು ತೆಳ್ಳಗೆ ಹೊಳೆಯುತ್ತಿತ್ತು.

ಒಂದು ಬೆಳಿಗ್ಗೆ ಸೋನು ತಲೆಕೆಳಗಾಗಿ ತೇಲುತ್ತಿತ್ತು. ಸತ್ತಿರಲಿಲ್ಲ. ಈಜುರೆಕ್ಕೆ ಆಡುತ್ತಿತ್ತು, ಕಣ್ಣು ನಮ್ಮನ್ನೇ ನೋಡುತ್ತಿತ್ತು. ತಿರುಗಲು ಒದ್ದಾಡಿ, ಅರ್ಧ ತಿರುಗಿ, ಮತ್ತೆ ಹೊಟ್ಟೆ ಮೇಲಾಗಿ ನಿಲ್ಲುತ್ತಿತ್ತು. ಆ ಹುಡುಗಿ ಕೇಳಿದ್ದು ಒಂದೇ ಒಂದು. ಅದನ್ನು ಅವಳ ಕೈಗೆ ಜೀವಂತ ಹೇಗೆ ಒಪ್ಪಿಸಲಿ ಎಂಬುದೊಂದೇ ತಲೆಯಲ್ಲಿ ಸುತ್ತತೊಡಗಿತು.

ಹಾಲಿನ ಕ್ಯಾನಿನಲ್ಲಿ ನೀರು ತುಂಬಿ, ಸೋನುವನ್ನು ಅದರೊಳಗೆ ಬಿಟ್ಟು, ದನದ ದವಾಖಾನೆಗೆ ಹೋದೆ. ಅಲ್ಲಿ ಎಮ್ಮೆಗಳ ಸಾಲು. ಎಮ್ಮೆ ಹಿಡಿದುಕೊಂಡು ನಿಂತವನೊಬ್ಬ, ಏನು ತಂದಿರಿ ಸರ, ಹಾಲು ಕೆಟ್ಟಿದೆಯೇನು ಎಂದು ಕೇಳಿದ. ಹೂಂ ಎಂದೆ. ಆಕಳದೋ ಎಮ್ಮೆಯದೋ ಎಂದ. ಎಮ್ಮೆಯದು ಎಂದೆ. ಅಷ್ಟರಲ್ಲಿ ಕ್ಯಾನಿನೊಳಗೆ ಚಳಕ್ ಎಂದು ಸದ್ದಾಯಿತು. ಅವನು ಕ್ಯಾನನ್ನೂ ನನ್ನನ್ನೂ ನೋಡಿ, ಎಮ್ಮೆಯನ್ನು ಸ್ವಲ್ಪ ಆಚೆ ಎಳೆದುಕೊಂಡ.

ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ನಮಸ್ಕಾರ ಮಾಡಿ, ಕುರ್ಚಿ ಹಾಕಿಸಿ, ಮುಚ್ಚಳ ತೆಗೆದು ನೋಡಿದ. ನಾನು ದನಿ ತಗ್ಗಿಸಿ, ಬಸಿರು ಮೀನು, ಹೆರಿಗೆ ಕಷ್ಟವಾಗಿದೆಯೇನೋ ಎಂದೆ. ಅವನು ಸ್ವಲ್ಪ ಹೊತ್ತು ಕ್ಯಾನಿನಿಂದ ತಲೆಯೆತ್ತಲಿಲ್ಲ. ನಗುವುದನ್ನು ತಡೆದುಕೊಳ್ಳುತ್ತಿದ್ದನೆಂದು ಅವನ ಹೆಗಲು ನೋಡಿ ತಿಳಿಯಿತು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ.

"ಸರ, ಈ ಜಾತಿ ಮೀನ ಬಸರ ಆಗೂದಿಲ್ಲರಿ. ತತ್ತಿ ಇಡ್ತೈತಿ. ನೀವ ಹೇಳಿದ್ರಿ ನಮಗ."

ತನಗೆ ನಾಲ್ಕು ಕಾಲಿನದಷ್ಟೇ ಗೊತ್ತು, ಇದಕ್ಕೆ ಯಾವ ಸೂಜಿಯೂ ತನ್ನ ಹತ್ತಿರ ಇಲ್ಲ, ಸಾಕಿದವರು ಯಾರೋ ಅವರನ್ನೇ ಕೇಳುವುದು ಒಳ್ಳೆಯದು ಎಂದ. ಹೊರಗೆ ಬಂದಾಗ ಎಮ್ಮೆಯವನು ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ಸ್ನೇಹಲಳಿಗೆ ಫೋನು ಮಾಡಲು ನನಗೆ ಮಧ್ಯಾಹ್ನದ ತನಕ ಬಾಯಿ ಬರಲಿಲ್ಲ. ನೀನು ಮಾಡು ಎಂದು ನಮ್ಮಾಕಿಗೆ ಹೇಳಿದೆ, ನಿಮಗೆ ಒಪ್ಪಿಸಿ ಹೋಗಿದ್ದಾಳೆ, ನೀವೇ ಮಾಡಿ ಎಂದಳು. ಕೊನೆಗೆ ಮಾಡಿದೆ. ಡಬ್ಬಿ ಎಸೆದದ್ದು, ಕಾಯಿಸಿದ ನೀರು, ಅರಿಷಿಣ, ಶಿರಾ, ಒಂದೂ ಬಿಡದೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೀನನ್ನು ವಿಡಿಯೋದಲ್ಲಿ ತೋರಿಸಲು ಹೇಳಿದಳು.

ಅವಳು ನೋಡಿದ ರೀತಿಯೇ ಬೇರೆ. ಮೈಮೇಲಿನ ಹುರುಪೆ ಎದ್ದು ನಿಂತಿದೆಯೇ ಎಂದು ಮೊದಲು ಕೇಳಿದಳು. ಇಲ್ಲ, ಮೈಗೆ ಅಂಟಿಕೊಂಡೇ ಇದೆ ಎಂದೆ. ಅವಳ ಉಸಿರು ಸಡಿಲಾದದ್ದು ಫೋನಿನಲ್ಲೇ ಕೇಳಿಸಿತು. ಎದ್ದು ನಿಂತಿದ್ದರೆ ಮಾಡುವುದು ಹೆಚ್ಚೇನೂ ಇರುತ್ತಿರಲಿಲ್ಲವಂತೆ. ರೆಕ್ಕೆಯಲ್ಲಿ ಕೆಂಪು ಗೆರೆ ಇದೆಯೇ, ಬಾಲ ಮಡಿಚಿಕೊಂಡಿದೆಯೇ ಎಂದಳು. ಅದೂ ಇರಲಿಲ್ಲ. ಬಿಳಿ ಚುಕ್ಕೆಗಳು ರೋಗವಲ್ಲ, ಪ್ರಾಯಕ್ಕೆ ಬಂದ ಗಂಡು ಮೀನಿಗೆ ಕಿವಿರಿನ ಮೇಲೆ ಹಾಗೆ ಏಳುತ್ತವೆ ಎಂದಳು. ಅಂದರೆ ಆರೋಗ್ಯಕ್ಕೆ ನಾವು ಔಷಧ ಹಾಕಿದ್ದೆವು, ರೋಗಕ್ಕೆ ಶಿರಾ ತಿನ್ನಿಸಿದ್ದೆವು, ಅದೂ ಗಂಡು ಬಸಿರಿಗೆ. ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕಟ್ಟಿದೆ, ಉಬ್ಬಿದ ಹೊಟ್ಟೆ ಒಳಗಿನ ಗಾಳಿಚೀಲವನ್ನು ಒತ್ತಿ ಮೀನು ತಲೆಕೆಳಗಾಗಿದೆ. ಇದು ಅವಳ ನಿರ್ಣಯ. ನೀರನ್ನು ದಿನಾ ಸ್ವಲ್ಪ ಸ್ವಲ್ಪ ಬದಲಿಸಿ, ಗಾಳಿಯ ಮಷಿನು ಹಚ್ಚಿಯೇ ಇಡಬೇಕು. ಮೂರು ದಿನ ಏನೂ ತಿನ್ನಿಸಬಾರದು. ಆಮೇಲೆ ಬೇಯಿಸಿದ ವಟಾಣಿ, ಸಿಪ್ಪೆ ತೆಗೆದು, ಉಗುರಿನ ತುದಿಯಷ್ಟು. ಆ ದಿನ ತಾನೇ ಬರುತ್ತೇನೆ ಎಂದಳು.

ಆಷಾಢದಲ್ಲಿ ಹೇಗೆ ಬರುತ್ತಿ ಎಂದು ನಮ್ಮಾಕಿ ಹಿಂದಿನಿಂದ ಅಂದದ್ದು ಅವಳಿಗೆ ಕೇಳಿಸಿತು. ಒಳಗೆ ಬರುವುದಿಲ್ಲ ಅತ್ತ್ಯಾರ, ಹೊರಗೆ ಕಟ್ಟೆಯ ಮೇಲೆ ಕೂಡುತ್ತೇನೆ, ಮಾವಾರು ಸೋನುವನ್ನು ಅಲ್ಲಿಗೇ ತರಲಿ ಎಂದಳು. ಅದಕ್ಕೆ ಅಡ್ಡಿಯಿರಲಿಲ್ಲ.

ಮೂರು ದಿನ ಸೋನುವಿಗೆ ಉಪವಾಸ. ಮನಸ್ಸಿಗೆ ಬಹಳ ಚುಚ್ಚಿತೆಂದು ನಮ್ಮಾಕಿಯೂ ಒಪ್ಪತ್ತು ಮಾಡಿದಳು. ನಾನು ತೊಟ್ಟಿಯ ಮುಂದಿನಿಂದ ಏಳಲಿಲ್ಲ. ಅದು ಮೆಲ್ಲಮೆಲ್ಲಗೆ ಬೆನ್ನು ಮೇಲೆ ಮಾಡಿ, ಒಂದು ಕಡೆ ವಾಲಿಕೊಂಡು ನಿಲ್ಲತೊಡಗಿತು. ನಾಲ್ಕನೆಯ ದಿನ ಬಂದದ್ದು ಚತುರ್ದಶಿ. ಅಂದು ನಮ್ಮಲ್ಲಿ ಹಸಿರು ತರಕಾರಿ ಹೆಚ್ಚುವುದಿಲ್ಲ, ಬೇಯಿಸುವುದಿಲ್ಲ. ನಮ್ಮಾಕಿ ಬೆಳಗಿನಿಂದ ಯೋಚಿಸಿ, ಒಣ ವಟಾಣಿ ಕಾಳಿನ ಲೆಕ್ಕ, ಹಸಿರಿನ ಲೆಕ್ಕವಲ್ಲ ಎಂದು ತಾನೇ ತೀರ್ಮಾನ ಕೊಟ್ಟು, ನೆನೆಹಾಕಿ ಮೆತ್ತಗೆ ಬೇಯಿಸಿದಳು. ಮೀನಿಗೆ ಬೇಕಾದದ್ದು ಒಂದು ಕಾಳು. ಅವಳಿಗೆ ಒಂದು ಕಾಳು ಬೇಯಿಸಿ ಗೊತ್ತಿಲ್ಲ. ಬಟ್ಟಲು ತುಂಬ ಆಯಿತು.

ಸ್ನೇಹಲ್ ಬ್ಯಾಂಕು ಮುಗಿಸಿ ರಾಯಬಾಗದ ಬಸ್ಸಿಗೆ ಬಂದಳು. ಪಾಳಿ ಮುಗಿದ ಮೇಲೆ ಅಭಯ ಬೈಕಿನಲ್ಲಿ ಕುಡಚಿಗೆ ಬಿಟ್ಟು ಬರುವುದೆಂದು ಮಾತಾಗಿತ್ತು. ಮೋಡದ ಹಿಂದೆ ಸೂರ್ಯ ಇನ್ನೂ ಸ್ವಲ್ಪ ಉಳಿದಿದ್ದ. ನಾನು ಬಕೆಟ್ಟಿನಲ್ಲಿ ಸೋನುವನ್ನು ಹೊರಗೆ ತಂದೆ. ನಮ್ಮಾಕಿ ಬಾಗಿಲ ಒಳಗೇ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಹುಡುಗಿ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತು, ಒಂದು ವಟಾಣಿಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದಳು. ಸಿಪ್ಪೆ ಅವಳ ಕೈಯಲ್ಲಿ ಉಳಿಯಿತು, ಕಾಳು ಜಾರಿ ಬಂತು. ಹೀಗೆ ನೋಡಿ ಎಂದು ನನಗೂ ಒಂದು ಕೊಟ್ಟಳು. ನನ್ನದು ಹಾರಿ ಅಂಗಳಕ್ಕೆ ಬಿತ್ತು. ಇನ್ನೊಂದು ಕೊಟ್ಟಳು.

ಸೋನು ಮೊದಲ ಚೂರನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ಮತ್ತೆ ತೆಗೆದುಕೊಂಡಿತು, ಈ ಸಲ ನುಂಗಿತು. ಅದು ಪೂರ್ತಿ ನೆಟ್ಟಗಾಗಲು ಆಮೇಲೆ ಒಂದು ವಾರ ಹಿಡಿಯಿತು. ಈಗ ಚೆನ್ನಾಗಿದೆ, ಸಂಜೆ ನಾನು ಪೇಪರು ತಿರುವಿದ ಸದ್ದಿಗೆ ಗಾಜಿನ ಹತ್ತಿರ ಬರುತ್ತದೆ. ಆದರೆ ಅದು ಬದುಕುತ್ತದೆ ಎಂದು ನನಗೆ ತಿಳಿದದ್ದು ಆ ಕ್ಷಣಕ್ಕೆ. ಕಣ್ಣಲ್ಲಿ ನೀರು ಬಂತು. ಅದನ್ನು ಸೊಸೆಗೆ ಕಾಣಿಸಬಾರದೆಂದು ಅಂಗಳದಲ್ಲಿ ಬಿದ್ದ ವಟಾಣಿ ಹುಡುಕುವ ನೆಪದಲ್ಲಿ ಬಗ್ಗಿದೆ.

ಎದ್ದು ನಿಂತಾಗ ಹೊತ್ತು ಮುಳುಗಿತ್ತು. ಸ್ನೇಹಲ್ ಬಕೆಟ್ಟನ್ನೇ ನೋಡುತ್ತ ಕೂತಿದ್ದಳು. ಅವಳ ಕೈ ಬಟ್ಟಲಿಗೆ ಹೋಗುತ್ತಿತ್ತು, ಬಾಯಿಗೆ ಬರುತ್ತಿತ್ತು. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಮೀನಿಗೆಂದು ಬೇಯಿಸಿದ ಸಪ್ಪೆ ವಟಾಣಿ. ಸಿಪ್ಪೆ ಸಮೇತ, ಬೇಗ ಬೇಗ ತಿನ್ನುತ್ತಿದ್ದಳು. ತಿನ್ನುತ್ತಿದ್ದೇನೆಂಬುದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಬಟ್ಟಲು ಅರ್ಧ ಖಾಲಿಯಾಗಿತ್ತು.

"ಹಸಿವ್ಯಾಗೇತೇನವಾ?" ಎಂದೆ.

"ಇಲ್ಲರಿ, ಆಗೇತ್ರಿ" ಎಂದಳು. ರೂಢಿಯ ಮಾತು. ಆಮೇಲೆ ಕೈಯಲ್ಲಿದ್ದ ವಟಾಣಿ ನೋಡಿಕೊಂಡಳು. ಮುಖ ಕೆಂಪಾಯಿತು, ಅವತ್ತು ತೊಟ್ಟಿಯ ಮುಂದೆ ಆಗಿತ್ತಲ್ಲ, ಹಾಗೇ. ಕಾಳನ್ನು ಬಟ್ಟಲಿಗೆ ವಾಪಸು ಹಾಕಿ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ಮಾವಾರ, ಅವತ್ತ ನಾ ಸೋನುಗ ಹಾಕಾಕತ್ತಿರಲಿಲ್ಲರಿ. ಬಿಸ್ಕೀಟ ನಾನ ತಿನ್ನಾಕತ್ತಿದ್ದೆ."

"ಮತ್ತ ದಿನಾ ಊಟ ಆಗೇತಿ ಅಂತಿದ್ದೆಲ್ಲವಾ?"

"ಮಧ್ಯಾಹ್ನದ್ದು ಆಗಿರತಿತ್ತರಿ."

ಮದುವೆಯಾಗಿ ಬಂದಂದಿನಿಂದ ಆ ಹುಡುಗಿ ನಮ್ಮ ಮನೆಯಲ್ಲಿ ಹಸಿದು ಮಲಗುತ್ತಿತ್ತು. ಒಂದು ಬಿಸ್ಕೀಟು ಪೊಟ್ಟಣವಿತ್ತು, ಅದನ್ನೂ ನಾನು ನಗುನಗುತ್ತ ಬಿಡಿಸಿದ್ದೆ. ಬಿಡಿಸಿದ್ದನ್ನು ಬಸದಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳಿದ್ದೆ. ಉಸಿರು ಸಾಲದೆ ಬಾಯಿ ತೆರೆದ ಮೀನಿಗೆ ಹಸಿವೆಂದು ಉಣ್ಣಿಸಿದವನು ನಾನು. ದಿನಾ ನನ್ನೆದುರಿಗೆ ಕೂತವಳಿಗೆ ಹಸಿವಿರಬಹುದು ಎಂದು ಒಂದು ಸಲವೂ ಹೊಳೆಯಲಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ಪೆಟ್ಟಾಗಬಾರದೆಂದು ಕೊಡವನ್ನು ಬಾವಿಯ ತಳಕ್ಕೆ ಇಳಿಸುತ್ತಿದ್ದವಳ ಮಗ ನಾನು. ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ಅಡಗಲು ಅಲ್ಲಿ ಮಗ್ಗವೂ ಇರಲಿಲ್ಲ.

ಬಾಗಿಲ ಹಿಂದೆ ನಮ್ಮಾಕಿ ಇರಲಿಲ್ಲ. ಒಳಗೆ ಅಡುಗೆಮನೆಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಗ್ಯಾಸಿನ ಲೈಟರು, ಒಂದು ಸಲ, ಇನ್ನೊಂದು ಸಲ. ನಮ್ಮ ಸಂಸಾರದಲ್ಲಿ ದೀಪ ಹತ್ತಿದ ಮೇಲೆ ಆ ಸದ್ದನ್ನು ನಾನು ಕೇಳಿರಲಿಲ್ಲ. ಹಿಟ್ಟು ನಾದುವ, ರೊಟ್ಟಿ ತಟ್ಟುವ ಸದ್ದು ಹಿಂದೆಯೇ ಬಂತು. ಸ್ನೇಹಲ್ ಗಾಬರಿಯಿಂದ ಎದ್ದು ನಿಂತು, ಬೇಡ ಅತ್ತ್ಯಾರ, ಅಭಯ ಬರುತ್ತಾರೆ, ಕುಡಚಿಗೆ ಹೋಗಿ ಉಣ್ಣುತ್ತೇನೆ ಎಂದಳು. ಒಳಗೆ ರೊಟ್ಟಿ ತಟ್ಟುವುದು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮಾಕಿ ತಟ್ಟೆ ಹಿಡಿದು ಬಂದು ಹೊಸ್ತಿಲ ಒಳಗೆ ನಿಂತಳು. ಆಷಾಢವಲ್ಲವೆ, ಸೊಸೆಯ ಕಡೆ ನೋಡದೆ ತಟ್ಟೆಯನ್ನು ನನ್ನ ಕಡೆ ಚಾಚಿದಳು. ಕಣ್ಣು ಕೆಂಪಾಗಿದ್ದವು. "ಉಣ್ಣು ಅನ್ರಿ ಆಕಿಗೆ. ಬಿಸಿ ಐತಿ."

ಕಟ್ಟೆಯ ಮೇಲಿನ ದೀಪ ಹಾಕಿದೆ. ಮಳೆಗಾಲದ ಸಂಜೆ, ಹಾಕಿದ್ದೇ ತಡ ಹುಳಗಳು ಮುತ್ತಿಕೊಂಡವು. ಸ್ನೇಹಲ್ ತಟ್ಟೆಗೆ ಕೈಯಡ್ಡ ಹಿಡಿದು ನನ್ನನ್ನು ನೋಡಿದಳು. ನಾನು ಹೆಗಲ ಮೇಲಿನ ಟವೆಲ್ಲು ತೆಗೆದುಕೊಂಡು ಅವಳ ಪಕ್ಕದಲ್ಲಿ ನಿಂತೆ. ಹುಳಕ್ಕೆ ಪೆಟ್ಟಾಗಬಾರದು, ಅವಳ ತಟ್ಟೆಗೂ ಬೀಳಬಾರದು. ಹಾಗೆ ಮೆಲ್ಲಗೆ ಬೀಸುತ್ತ, ಅವಳು ಇನ್ನೊಂದು ರೊಟ್ಟಿ ಬೇಕೆಂದು ಬಾಯಿಬಿಟ್ಟು ಕೇಳುವ ತನಕ ಅಲ್ಲೇ ನಿಂತಿದ್ದೆ.